ನೀಲಮ್ಮನೊಂದಿಗೆ ಶಹಾಬಾದಿಗೆ

ಪಂಚಮಿಯ ಹಿಂದಿನ ದಿನ ಚಿಂಚೋಳಿಯ ನಮ್ಮ ಮನೆಯಲ್ಲಿ ಉಂಡಿ ಕಟ್ಟುತ್ತಿದ್ದರು. ಜೋಳದ ಅರಳಿನ ವಾಸನೆ ಓಣಿಯವರೆಗೂ ಹರಡಿತ್ತು. ಹಬ್ಬಕ್ಕೆ ತವರಿಗೆ ಬಂದಿದ್ದ ನನ್ನ ಅಕ್ಕ, ಐದು ವರ್ಷದ ನನ್ನ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹಾಸ್ಯ ಮಾಡಿದಳು.

"ಹೆಸರು ನೀಲಮ್ಮ, ಬಣ್ಣ ನೋಡಿದ್ರ ಹಾಲು! ನಮ್ಮ ಕರೇ ಮಂದ್ಯಾಗ ಇಕಿ ಎಲ್ಲಿಂದ ಬಂದಳವ್ವಾ?"

"ನಾ ಏನೂ ಕೇಸರಿ ಕುಡಿದಿಲ್ಲ ನೋಡ್ರಿ ಅಕ್ಕಾರ, ಬರೇ ಮಜ್ಜಿಗಿ" ಎಂದು ನನ್ನ ಹೆಂಡತಿ ಗುರಮ್ಮ ನಕ್ಕಳು.

ಆ ವರ್ಷ ಮಗು ತಿಂಗಳಿಂದ ತಿಂಗಳಿಗೆ ಬೆಳ್ಳಗಾಗುತ್ತ ಬಂದಿತ್ತು. ನೋಡಿದವರೆಲ್ಲ ಹೊಗಳುತ್ತಿದ್ದರು. ನಾವು ದೃಷ್ಟಿ ತೆಗೆದು ಸುಮ್ಮನಾಗುತ್ತಿದ್ದೆವು.

ಮರುದಿನ ಜೋಕಾಲಿಯಿಂದ ಇಳಿದ ನೀಲಮ್ಮ ಬೇವಿನ ಮರದ ಬುಡದಲ್ಲೇ ಕುಸಿದಳು. ಕಣ್ಣು ಹಳದಿಯಾಗಿದ್ದವು, ಏದುಸಿರು ಬರುತ್ತಿತ್ತು. ಗುರಮ್ಮನ ಅಣ್ಣ ಬಸಣ್ಣ ಶಹಾಬಾದಿನ ಕಲ್ಲಿನ ಗಣಿಯಲ್ಲಿದ್ದ. ಅವನಿಗೆ ಅಲ್ಲಿಯ ಡಾಕ್ಟರೊಬ್ಬರ ಪರಿಚಯವಿತ್ತು. ಹಬ್ಬದ ಮರುದಿನ ನಸುಕಿನಲ್ಲಿ ಅಲ್ಲಿಗೆ ಹೊರಟೆವು.

ಸೇಡಮಿನವರೆಗೆ ಮೋಟಾರು. ಜಿಟಿಜಿಟಿ ಮಳೆಗೆ ಕರಿಮಣ್ಣಿನ ದಾರಿ ಗಾಲಿಗೆ ಅಂಟುತ್ತಿತ್ತು. ಎರಡು ಕಡೆ ಇಳಿದು ನೂಕಿದೆವು. ಮಡಿಲಲ್ಲಿದ್ದ ಮಗುವಿಗೆ ಮೋಟಾರಿನವನು ಚಾರ್ಜು ಕೇಳಲಿಲ್ಲ. ಸೇಡಮಿನಲ್ಲಿ ವಾಡಿಯ ಕಡೆಗೆ ಹೋಗುವ ರೈಲು ಹತ್ತಿದೆವು. ಗುರಮ್ಮ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಲು ನೋಡಿದಳು. ಮಗು ಎರಡು ತುತ್ತು ತಿಂದು ಬಾಯಿ ತಿರುಗಿಸಿತು.

ಚಿತ್ತಾಪುರದಲ್ಲಿ ಎಲೆಯ ಬುಟ್ಟಿ ಹಿಡಿದು ಹತ್ತಿದ ಹೆಂಗಸು ಎದುರಿಗೆ ಕೂತಳು. "ಎಷ್ಟು ಬೆಳ್ಳಗ ಅದಾಳ್ರಿ ಕೂಸು! ಯಾವ ಊರ ಗೌಡರ ಮನಿದು?" ಎಂದಳು. ಗುರಮ್ಮ ಮಗುವಿನ ಮುಖದ ಮೇಲೆ ಸೆರಗು ಎಳೆದಳು.

ವಾಡಿಯಲ್ಲಿ ಗಾಡಿ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಶಹಾಬಾದಿನಲ್ಲಿ ಇಳಿದೆವು. ಗಿಡದೆಲೆಗಳ ಮೇಲೆಲ್ಲ ಬಿಳಿ ಧೂಳು ಮಳೆಗೆ ಮೆತ್ತಿಕೊಂಡಿತ್ತು. ಬಸಣ್ಣ ನಮ್ಮನ್ನು ನೇರ ಡಾಕ್ಟರ ಮನೆಗೇ ಕರೆದೊಯ್ದ.

ಡಾಕ್ಟರು ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು. ಆಮೇಲೆ ಗುರಮ್ಮನ ರೆಪ್ಪೆಯನ್ನೂ ಎಳೆದು ನನಗೆ ತೋರಿಸಿದರು. ತಾಯಿಯದು ಕೆಂಪಗಿತ್ತು. ಮಗಳದು ಸುಣ್ಣದಂತಿತ್ತು.

"ಇದು ಬಣ್ಣ ಅಲ್ಲಮ್ಮ. ಮೈಯಾಗ ರಕ್ತ ಇಲ್ಲ."

ಮಗುವಿನ ಎಡಪಕ್ಕೆಯ ಕೆಳಗೆ ಗಟ್ಟಿಯಾದ ಗಡ್ಡೆಯಂಥದು ಕೈಗೆ ಹತ್ತುತ್ತಿತ್ತು. ಅದೇನೆಂದು ಕೇಳಿದೆ.

"ತಿಲ್ಲಿ, ಅಂದ್ರ ಗುಲ್ಮ. ಕೂಸು ಹೊಟ್ಟ್ಯಾಗ ಇದ್ದಾಗ ತಿಲ್ಲಿ, ಯಕೃತ್ತು ರಕ್ತ ಮಾಡ್ತಾವ. ಹುಟ್ಟೂದರಾಗ ಆ ಕೆಲಸ ಎಲುಬಿನೊಳಗಿನ ಮಜ್ಜೆಗೆ ಬರ್ತದ. ಇಕಿ ಮಜ್ಜೆ ಮಾಡಿದ ರಕ್ತ ಉಳಿಯವಲ್ದು. ಅದಕ್ಕ ತಿಲ್ಲಿ ಮತ್ತ ತನ್ನ ಹಳೇ ಕೆಲಸ ಹಿಡದದ, ಬಾತದ."

"ನನ್ನ ರಕ್ತ ತಗೋರಿ ಸಾಹೇಬ್ರ" ಎಂದೆ.

"ಹಂಗ ಕೊಡಾಕ ಬರಂಗಿಲ್ಲ. ಕೂಡತದೋ ಇಲ್ಲೋ ನೋಡಬೇಕು. ಆ ಸಾಮಾನು ಇಲ್ಲಿಲ್ಲ, ಹೈದರಾಬಾದಿನಾಗ ಅದ. ರಕ್ತ ತಪಾಸ ಮಾಡಿ ರೋಗದ ಹೆಸರೂ ಅವರೇ ಹೇಳ್ತಾರ. ಈಗಿಂದೀಗ ಹೋಗ್ರಿ."

ವಾಡಿಗೆ ಹಿಂದಿರುಗಿ ಹೈದರಾಬಾದಿನ ಟಿಕೀಟು ತೆಗೆಸಿದೆ. ಗಾಡಿ ತಡವಿತ್ತು. ಪ್ಲಾಟ್‌ಫಾರ್ಮಿನ ಕಲ್ಲುಹಾಸಿನ ಮೇಲೆ ನನ್ನ ಇನ್ನೊಂದು ಧೋತರ ಹಾಸಿ ಮಗುವನ್ನು ಮಲಗಿಸಿದೆವು. ಅದು ನನ್ನ ಕೈ ಹಿಡಿದು ತಿರುಗಿಸಿ ನೋಡಿತು.

"ಅಪ್ಪಾ, ನಿನ್ನ ರಕ್ತ ಹಾಕಿದ್ರ ನಾ ಕರೇಕಿ ಆಗ್ತೀನೇನು?"

"ಆಗು ಯವ್ವಾ" ಎಂದಳು ಗುರಮ್ಮ. "ಕರ್ರಗ ಆಗು. ಹಂಚಿನಂಗ ಆಗು."

"ಅತ್ತಿ ಬೈತಾಳ."

"ಬೈಲಿ ಬಿಡು. ಆಕಿನೇನು ಬೆಳ್ಳಗ ಅದಾಳೇನು?"

ಮಗು ಸಣ್ಣಗೆ ನಕ್ಕಿತು. ಗಾಡಿ ಬಂತು. ಚಿತ್ತಾಪುರ ದಾಟುವವರೆಗೂ ಗುರಮ್ಮನ ಎದೆಗೆ ಒರಗಿ ಉಸಿರಾಡುತ್ತಿತ್ತು. ಕಿಟಕಿಯ ಹೊರಗೆ ತೊಗರಿ ಹೊಲಗಳು ನೀರಲ್ಲಿ ನಿಂತಿದ್ದವು. ಅಲ್ಲಿಂದ ಮುಂದೆ ಎಲ್ಲೋ ಉಸಿರು ನಿಂತಿತು. ಗುರಮ್ಮ ಮಗುವಿನ ಕಾಲುಗಳನ್ನು ಸೆರಗಿನಿಂದ ಮುಚ್ಚಿದಳು. ಅದರಿಂದ ನನಗೆ ತಿಳಿಯಿತು.

ಹೈದರಾಬಾದು ಇನ್ನೂ ದೂರವಿತ್ತು. ನಾವು ಸೇಡಮಿನಲ್ಲೇ ಇಳಿದೆವು.

ಚಿಂಚೋಳಿಯಲ್ಲಿ ಅವಳನ್ನು ನಮ್ಮ ಹೊಲದ ಬದಿಗೆ ಮಣ್ಣು ಮಾಡಿದೆವು. ಗುರಮ್ಮ ಈಗ ಮತ್ತೆ ಬಸುರಿ. ಮುಂದಿನ ಕೂಸಿಗೂ ಇದು ಬರುತ್ತದೇನು ಎಂದು ಕೇಳಲು ಶಹಾಬಾದಿಗೆ ಹೇಳಿ ಕಳಿಸಿದ್ದೆ. ಯಾವ ರೋಗವೆಂದು ತಿಳಿಯದೆ ಹೇಳಲಾಗದು ಎಂದು ಡಾಕ್ಟರು ತಿಳಿಸಿದರು. ಯಾವ ರೋಗವೆಂದು ನಮಗೆ ಇನ್ನೂ ಗೊತ್ತಿಲ್ಲ.