ಸೋಫಾದ ಮುಂದೆ ಹಾಸಿದ ಕೌದಿ

ನಮ್ಮ ಕಡೆ ನೋಡುವಂಥದ್ದು ಏನೂ ಇಲ್ಲ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆರನೆಯ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಕೆಲಸಕ್ಕೆ ನಿಂತವನು ನಾನು. ಕಬ್ಬಿನ ಟ್ರೇಲರ್ ರಿಪೇರಿಗೆಂದು ತಿರುಗಿದ ಊರುಗಳಲ್ಲೆಲ್ಲ, ಕೆಲಸ ಮುಗಿದ ಮೇಲೆ ಏನಾದರೊಂದು ನೋಡಿಯೇ ಮನೆಗೆ ಬಂದಿದ್ದೇನೆ. ನಿಪ್ಪಾಣಿಯಲ್ಲಿ ಮರಾಠಿ ನಾಟಕ, ರಾಯಬಾಗದಲ್ಲಿ ತಗಡು ಬಡಿದು ಎಬ್ಬಿಸಿದ ಕಂಪನಿ ಥಿಯೇಟರು, ಅಥಣಿಯಲ್ಲಿ ಸಿನಿಮಾ. ಕಾಗವಾಡದ ಕಡೆ ಹೋದರೆ ಒಂದೇ ಭಜನೆಯಲ್ಲಿ ಎರಡು ಭಾಷೆ ಕೇಳಬಹುದು. ತಾಳ ಮಾತ್ರ ಒಂದೇ.

ಅವ್ವನಿಗೆ ಇವೆಲ್ಲಕ್ಕಿಂತ ಬಯಲಾಟವೇ ಮೇಲು. ಅವಳ ತವರು ಐಗಳಿ. ಅಲ್ಲಿ ಆಟವಿದ್ದ ದಿನ ಬಿಸಿಲಿರುವಾಗಲೇ ಆಟದ ಕಟ್ಟೆಯ ಮುಂದೆ ಕೌದಿ ಹಾಸಿ ಜಾಗ ಹಿಡಿದು ಬರುವುದು ಪದ್ಧತಿ. ಹಳೆಯ ಸೀರೆ ಸೇರಿಸಿ ಹೊಲಿದ ಆ ಹೊದಿಕೆ ಯಾವ ಮನೆಯದೆಂದು ನೋಡಿದವರಿಗೆ ತಿಳಿಯುತ್ತದೆ. ಹಾಸಿದ ಕೌದಿಯನ್ನು ನಾಯಿ ಕೂಡ ತುಳಿಯುವುದಿಲ್ಲ ಎನ್ನುತ್ತಾಳೆ ಅವ್ವ. ನಾಯಿಯ ಮಾತು ನಾನು ನಂಬುವುದಿಲ್ಲ, ಮನುಷ್ಯರಂತೂ ಮುಟ್ಟುವುದಿಲ್ಲ.

ಕಳೆದ ಚಳಿಗಾಲದಲ್ಲಿ ಚಿಕ್ಕೋಡಿಯ ಹೊಸದೊಂದು ಸಭಾಭವನದಲ್ಲಿ ಬಯಲಾಟವಿತ್ತು. ಅಲ್ಲಿ ರಂಗದ ಮೇಲೆ ಲೈಟು ತೂಗುಹಾಕುವ ಪೈಪು ಕೂಡಿಸಿದ್ದು ನಾನೇ. ಹಾಗಾಗಿ ಎರಡು ಪಾಸು ಸಿಕ್ಕಿದ್ದವು. ಅವ್ವನ ಕಣ್ಣು ಮಂಜಾಗಿತ್ತು. ದೂರದಿಂದ ಬಣ್ಣ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ.

"ಮಾರಿ ಕಾಣ್ಲಿಲ್ಲಂದ್ರ ರೇಡಿಯೋ ಕೇಳಿದಂಗ ಆಕ್ಕೈತಿ. ಮುಂದ ಕುಂಡ್ರಸ್ತಿಯೇನು?" ಎಂದಳು.

"ನನ್ನ ಪೈಪಿನ ಬುಡಕ್ಕ ಕುಂಡ್ರಸ್ತೀನಿ, ನಡೀ ಬೇ ಯವ್ವಾ."

ನಾವು ಹೋದಾಗ ಭವನ ಖಾಲಿ. ಅವ್ವ ಚೀಲದಿಂದ ಕೌದಿ ತೆಗೆದು ಮುಂದಿನ ಸಾಲಿನ ಸೋಫಾದ ಮೇಲೆ ಹಾಸಿದಳು. ನಾನೇ ಮೂಲೆ ಹಿಡಿದು ಜಗ್ಗಿ ಸರಿ ಮಾಡಿದೆ. ನಿಶ್ಚಿಂತೆಯಾಗಿ ಹೊರಗೆ ಹೋಗಿ ಗಿರ್ಮಿಟ್ ತಿಂದು, ಚಹಾ ಕುಡಿದು ಬಂದರೆ ಕೌದಿ ಮಡಚಿ ಬಾಗಿಲ ಬಳಿ ಇಟ್ಟಿದ್ದರು. ಪಕ್ಕದಲ್ಲಿ ಎದೆಗೆ ಬಿಲ್ಲೆ ಹಚ್ಚಿಕೊಂಡ ಒಬ್ಬ ಕಾರ್ಯಕರ್ತ ನಿಂತಿದ್ದ.

"ಅಣ್ಣಾರ, ಅದು ಪಾವಣ್ಯಾರ ಸಾಲ್ರಿ, ಕರಸಿದ ದೊಡ್ಡ ಮಂದೀದು. ನಿಮ್ಮ ಪಾಸು ಹಿಂದಿಂದೈತಿ."

"ಮ್ಯಾಲ ನೋಡ್ರಿ. ಆ ಪೈಪು ನನ್ನ ಕೈಯಾಗಿಂದು."

"ಪೈಪು ನಿಮ್ಮದ ರೀ. ಸೋಫಾ ನಿಮ್ಮದಲ್ರಿ."

ಸುತ್ತಲಿದ್ದವರು ನಕ್ಕರು. ಅವ್ವ ಅವನನ್ನೇ ಹಿಡಿದಳು: "ಹಾಸಿದ ಕೌದಿ ತಗದೀಯಲ್ಲೋ ತಮ್ಮಾ, ನಿಮ್ಮ ಮನ್ಯಾಗ ಹಿರ್ಯಾರು ಇಲ್ಲೇನು?"

"ಅದಾರ್ರಿ ಆಯಿ. ನಮ್ಮವ್ವನೂ ಹಿಂದ ಕುಂತಾಳ್ರಿ. ಆಕಿನೂ ನನ್ನ ಬೈಯಾಕತ್ತಾಳ."

"ನಡೀ ಬೇ, ಮನಿಗಿ ಹೋಗೂಣು," ಎಂದೆ ನಾನು.

"ನಿನ್ನ ಸಿಟ್ಟು ನೀ ತಗೊಂಡು ಹೋಗು. ನಾ ಆಟ ನೋಡಾಕ ಬಂದೀನಿ."

ಅವ್ವ ಕೌದಿ ಎತ್ತಿಕೊಂಡು ನೇರ ಮುಂದೆ ನಡೆದಳು. ಸೋಫಾಕ್ಕೂ ರಂಗಕ್ಕೂ ನಡುವೆ ಇದ್ದ ಬರೀ ನೆಲದ ಮೇಲೆ ಹಾಸಿ, ಕಾಲು ಮಡಚಿ ಕುಳಿತುಬಿಟ್ಟಳು. ಕಾರ್ಯಕರ್ತ ತಲೆ ಕೆರೆದುಕೊಂಡ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ಬಂದು, "ಜಾಗಾ ಐತೇನ ಬೇ ಯಕ್ಕಾ?" ಎಂದಳು. ಅವನ ತಾಯಿ! ಅವನು ಆ ಕಡೆ ತಿರುಗಿ ಮೈಕಿನ ವೈರು ಸರಿಮಾಡುವವನಂತೆ ಬಗ್ಗಿದ.

ಆಮೇಲೆ ಶಾಲು, ಟವೆಲು, ಕೈಚೀಲ ಹಾಸಿಕೊಂಡು ಹಿರಿಯರೆಲ್ಲ ಬಂದು ಕುಳಿತರು. ಅಷ್ಟರಲ್ಲಿ ಬಂದು ಕೂತಿದ್ದ ಪಾವಣ್ಯಾರು ಸೋಫಾದಲ್ಲಿ ಕಾಲು ಹಿಂದಕ್ಕೆಳೆದುಕೊಳ್ಳಬೇಕಾಯಿತು. ಪರದೆಯ ಸಂದಿಯಿಂದ ರಾಜನ ವೇಷದವನು ಇಣುಕಿ ಜೋರಾಗಿಯೇ ಹೇಳಿದ: "ಹಾಂ, ಈಗ ಆಟ ಆಕ್ಕೈತಿ ನೋಡ್ರಿ! ಇಷ್ಟೊತ್ತು ಸೋಫಾಕ್ಕ ಹಾಡಬೇಕಲ್ಲ ಅಂತ ಅಂಜಿದ್ನಿ."

ನಾನು ಮಾತ್ರ ಬಿಗುಮಾನದಿಂದ ಪಾಸಿನ ಕುರ್ಚಿಯಲ್ಲೇ, ಹಿಂದೆ, ಕುಳಿತೆ.

ಆಟ ಮುಗಿದು ಬೈಕ್ ಹತ್ತುವಾಗ ಕೇಳಿದೆ: "ಕಂಡ್ತೇನ ಬೇ?"

"ರಾಜಾನ ಎಡಗಡಿ ಮೀಸಿ ಅಂಟು ಬಿಟ್ಟಿತ್ತು. ಸಿಟ್ಟಿನ ಪದಾ ಹಾಡೂ ಮುಂದ ಪಾಪ, ಒಂದ ಬೆರಳಿಲೆ ಒತ್ತಿ ಹಿಡಕೊಂಡ ಹಾಡಿದ. ನೀ ನೋಡ್ಲಿಲ್ಲೇನು?"

ನಾನು ನೋಡಿರಲಿಲ್ಲ. ನನ್ನ ಜಾಗದಿಂದ ಚೆನ್ನಾಗಿ ಕಂಡದ್ದು ಪೈಪು ಒಂದೇ.