ಎಣ್ಣೂರು ಯಾರ್ಡಿನ ಟೆಲಿಫೋನ್ ಲೀಲಮ್ಮ

ಚೆನ್ನೈ ಬಳಿಯ ಎಣ್ಣೂರಿನ ಕಲ್ಲಿದ್ದಲು ಸಾಗಣೆ ಕಂಪನಿಯೊಂದರ ಯಾರ್ಡಿನಲ್ಲಿ ಲೀಲಮ್ಮ ಹದಿನಾಲ್ಕು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದರು. ಮದುವೆಯಾಗಿ ಮಂಡ್ಯದಿಂದ ಬಂದವರು. ಯಾರ್ಡಿನವರನ್ನು ಮುಖಕ್ಕಿಂತ ದನಿಯಿಂದಲೇ ಬೇಗ ಗುರುತಿಸುತ್ತಿದ್ದರು. ೨೦೦೨ರಲ್ಲಿ ಕಂಪನಿಯು ರಾಯಪುರಂ ಆಫೀಸಿಗೂ ಯಾರ್ಡಿಗೂ ನಡುವೆ ಕಂಪ್ಯೂಟರ್ ಜಾಲದಲ್ಲೇ ಮಾತು ಸಾಗಿಸುವ ರೌಟರ್ ಹಾಕಿಸಿತು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಕೆಲವು ಕರೆಗಳು ಮೂಕವಾದವು. ಗಂಟೆ ಹೊಡೆಯುತ್ತಿತ್ತು, ಎತ್ತಿದರೆ ದನಿಯಿಲ್ಲ. ಬೈಗುಳವೆಲ್ಲ ಲೀಲಮ್ಮನಿಗೆ.

ಟಿ. ನಗರದ ಸರ್ವಿಸ್ ಕಂಪನಿಯಿಂದ ಇಂಜಿನಿಯರ್ ಪ್ರಭುದೇವ ಬಂದ. ದಾವಣಗೆರೆ ಕಡೆಯವನು. ಇಪ್ಪತ್ತು ಸಲ ಕರೆ ಮಾಡಿ ನೋಡಿದ, ಇಪ್ಪತ್ತೂ ಸರಿಯಾಗಿ ಹೋದವು.

“ಎಲ್ಲಾ ಚಲೋ ಐತಲ್ರೀ ಅಕ್ಕಾ.”

“ಒಂದೊಂದೇ ಮಾಡಿದ್ರೆ ಸರಿಯಾಗೇ ಇರತ್ತೆ ತಂಬಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಬಾ. ಕಲ್ಲಿದ್ದಲು ರೈಲು ಬಂದು ಎಲ್ರೂ ಒಟ್ಟಿಗೆ ಫೋನ್ ಹಿಡಿದಾಗ ನೋಡು. ನಾಲ್ಕರವರೆಗೆ ಏನೂ ಆಗಲ್ಲ, ಐದನೇದು ಮೂಕ.”

ಮರುದಿನ ನಾಲ್ಕು ಕರೆಗಳನ್ನು ಹಿಡಿದಿಟ್ಟು ಐದನೆಯದನ್ನು ಮಾಡಿಸಿದ. ದನಿಯಿಲ್ಲ. ಎಂಟರವರೆಗೂ ಹಾಗೆಯೇ, ಒಂಬತ್ತನೆಯದು ಮತ್ತೆ ಮಾತಾಡಿತು. ರೌಟರಿನ ಒಳಗಿನ ಕಾರ್ಡಿನಲ್ಲಿ ನಾಲ್ಕು ಚಿಪ್‌ಗಳಿದ್ದವು, ಒಂದೊಂದೂ ನಾಲ್ಕು ಕರೆಗಳನ್ನು ಹೊರುತ್ತಿತ್ತು. ಎರಡನೆಯದು ಸತ್ತಿತ್ತು. ಅದು ಸತ್ತದ್ದು ತಿಳಿಯದೆ ರೌಟರ್ ಕರೆಗಳನ್ನು ಅದಕ್ಕೂ ಕಳಿಸುತ್ತಿತ್ತು. ಕಾರ್ಡು ಬಿಚ್ಚಿದರೆ ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದಿತ್ತು.

“ನಿಮ್ ಕಿವಿ ಇಲ್ದಿದ್ರ ಇದು ನನಗ ಸಿಗ್ತಿರ್ಲಿಲ್ಲ ಬಿಡ್ರಿ,” ಎಂದ. ಲೀಲಮ್ಮ ಆ ಮಾತನ್ನು ಮನೆಯಲ್ಲಿ ಎರಡು ಸಲ ಹೇಳಿಕೊಂಡರು.

ಹೊಸ ಕಾರ್ಡು ಬರಲಿಲ್ಲ. ಉಪ್ಪುಗಾಳಿಯ ಹಾನಿ ಕರಾರಿಗೆ ಸೇರುವುದಿಲ್ಲ ಎಂದಿತು ಸರ್ವಿಸ್ ಕಂಪನಿ. ತಾವು ಕೊಳ್ಳುವುದಿಲ್ಲ ಎಂದರು ಯಾರ್ಡಿನ ಮ್ಯಾನೇಜರ್ ಸದಾನಂದ. ಪ್ರಭುದೇವ ಸತ್ತ ಚಿಪ್ಪಿಗೆ ಕರೆ ಹೋಗದಂತೆ ಅದನ್ನು ಮುಚ್ಚಿಹಾಕಿದ. ಮೂಕ ಕರೆಗಳು ನಿಂತವು, ಲೈನುಗಳೂ ಕಡಿಮೆಯಾದವು. ಮಾರ್ಚಿನಲ್ಲಿ ಇನ್ನೊಂದು ಚಿಪ್ ಹೋಯಿತು, ಆಗಸ್ಟಿನಲ್ಲಿ ಮತ್ತೊಂದು. ಪ್ರತಿ ಸಲವೂ ಲೀಲಮ್ಮನೇ ಮೊದಲು ಕಂಡುಹಿಡಿದು ಹೇಳುತ್ತಿದ್ದರು, ಅವನು ಬಂದು ಮುಚ್ಚಿ ಹೋಗುತ್ತಿದ್ದ.

ಲೈನು ಸಿಗುವುದಿಲ್ಲವೆಂದು ಸದಾನಂದ ಸೂಪರ್‌ವೈಸರುಗಳಿಗೆ ಮೊಬೈಲ್ ಕೊಡಿಸಿದರು. ಆಮೇಲೆ ಆಪರೇಟರ್ ಯಾತಕ್ಕೆ ಎಂಬ ಮಾತು ಬಂತು. ೨೦೦೫ರ ಜನವರಿಯಲ್ಲಿ ಲೀಲಮ್ಮನ ಕೈಗೆ ಕೆಲಸದಿಂದ ತೆಗೆದ ಕಾಗದ ಬಂತು. ಕೊನೆಯ ದಿನವೇ ಪ್ರಭುದೇವ ರೌಟರ್ ಬಿಚ್ಚಿ ಒಯ್ಯಲು ಬಂದಿದ್ದ.

“ಇನ್ನೂ ಒಂದು ಚಿಪ್ ಚೆನ್ನಾಗಿದೆಯಲ್ಲ ತಂಬಿ.”

“ಐತ್ರಿ ಅಕ್ಕಾ.”

“ನಾನು ಸುಮ್ಮನೆ ಇದ್ದಿದ್ರೆ ಕೆಲಸ ಉಳೀತಿತ್ತೇನೋ. ನಾನೇ ಒಂದೊಂದಾಗಿ ತೋರಿಸಿಕೊಟ್ಟೆ.”

“ಹಂಗನ್ಬ್ಯಾಡ್ರಿ,” ಎಂದ. ಸ್ಕ್ರೂ ಬಿಚ್ಚತೊಡಗಿದ.

ಆ ಬೇಸಿಗೆಯಲ್ಲಿ ಲೀಲಮ್ಮ ಎರಡು ಆಫೀಸುಗಳಲ್ಲಿ ಕೆಲಸ ಕೇಳಿದರು. ಎರಡರಲ್ಲೂ ಕರೆಗೆ ಉತ್ತರಿಸಲು ರೆಕಾರ್ಡ್ ಮಾಡಿದ ದನಿ ಬಂದಾಗಿತ್ತು. ಮೂರನೆಯ ಕಡೆ ಅವರು ಹೋಗಲಿಲ್ಲ.