ಅತ್ತೆಯ ಹೆಬ್ಬೆರಳು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನನ್ನ ಅತ್ತೆಗೆ ಹೇಳಿ ಪ್ರಯೋಜನವಿಲ್ಲ. ಊರಿಗೆಲ್ಲ ಹಾಸಿಗೆ ಹೊಲಿದುಕೊಡುವ ಅವರು ಕಾಲು ಚಾಚಿದ್ದನ್ನು ನಾನು ಸೊಸೆಯಾಗಿ ಬಂದಾಗಿನಿಂದ ನೋಡಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಹಾಲು ಕಾಯುವಷ್ಟರಲ್ಲಿ ಇನ್ನೊಂದು ಸಾಲು ಹೊಲಿದು ಬರಲು ಓಡುತ್ತಾರೆ; ಹಾಲು ಉಕ್ಕುತ್ತದೆ, ಬೈಗುಳ ನನಗೆ.

ಅಂಥವರ ಬಲ ಹೆಬ್ಬೆರಳಿಗೆ ದಬ್ಬಳ ಚುಚ್ಚಿತು. ಬಟ್ಟೆ ಸುತ್ತಿಕೊಂಡು ಹೊಲಿಯುತ್ತಲೇ ಇದ್ದರು. ಬೆರಳು ಊದಿ ಕೆಂಡವಾಯಿತು. ಡಾಕ್ಟರು ಕೀವು ತೆಗೆದು, ಸೋಂಕಿಗೆ ಸೆಫಲೆಕ್ಸಿನ್ ಮಾತ್ರೆ ಬರೆದುಕೊಟ್ಟು, "ಸೋಂಕು ಮೂಳೆಗಿಳಿದ್ರೆ ಬೆರಳು ಉಳಿಯೋದು ಕಷ್ಟ" ಎಂದರು. ಅತ್ತೆಗೆ ಮನೆಗೆ ಹೋಗುವ ಅವಸರ.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಆರು ಗಂಟೆಗೊಂದು ಮಾತ್ರೆ ಎಂದು ಒತ್ತಿ ಹೇಳಿ ಹೋಗಿದ್ದೆ. ಮರುದಿನ ಸಂಜೆ ಬಂದು ನೋಡಿದರೆ ಊತ ಇಳಿದಿಲ್ಲ, ಕೆಂಪು ಇನ್ನಷ್ಟು ಮೇಲಕ್ಕೆ ಹತ್ತಿದೆ.

"ಮಾತ್ರೆ ತಗೊಂಡ್ರಾ?"

"ಬೆಳಿಗ್ಗೆನೇ ನಾಲ್ಕೂ ಒಟ್ಟಿಗೆ ನುಂಗಿದೆ. ಗಳಿಗೆಗೊಂದ್ಸಲ ಏಳೋಕೆ ನಂಗೆಲ್ಲಿ ಪುರುಸೊತ್ತು?"

ಪಿತ್ತ ನೆತ್ತಿಗೇರಿತು. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳ್ತಾರಾ? ಕೂತ್ಕೊಳ್ಳಿ ಇಲ್ಲಿ. ಈ ಕ್ರಿಮಿಗಳಿಗೂ ನಿಮ್ಮ ಹಾಸಿಗೆ ಥರ ಒಂದು ಗವಸಿದೆ. ಒಳಗೆ ಒತ್ತಡ ಜಾಸ್ತಿ. ಬೆಳೀಬೇಕಾದ್ರೆ ಗವಸಿಗೆ ಅಡ್ಡ ಹೊಲಿಗೆ ಹಾಕ್ತಾನೇ ಇರಬೇಕು. ಈ ಔಷಧಿ ನೂಲಿನ ವೇಷದಲ್ಲಿ ಹೋಗಿ ಹೊಲಿಯೋ ಕೈಗೇ ಅಂಟ್ಕೊಳ್ಳುತ್ತೆ. ಆ ಕೈ ಮತ್ತೆ ಏಳಲ್ಲ. ಹೊಲಿಗೆ ನಿಂತ್ರೆ?"

"ಬಿರಿಯುತ್ತೆ," ಎಂದರು ಅತ್ತೆ. "ನನ್ನ ಮೈ ಬಿರಿಯಲ್ವಾ?"

"ನಮ್ಮ ಜೀವಕೋಶಗಳಿಗೆ ಆ ಗವಸೇ ಇಲ್ಲ."

"ಮತ್ತೆ ಒಟ್ಟಿಗೆ ನುಂಗಿದ್ರೆ ಒಟ್ಟಿಗೆ ಸಾಯ್ಬೇಕಲ್ಲ?"

"ಸಾಯಲ್ಲ. ಕೆಲವೇ ಗಂಟೆಯಲ್ಲಿ ಔಷಧಿ ಮೂತ್ರದಲ್ಲಿ ಹೋಗಿಬಿಡುತ್ತೆ. ಉಳಿದ ಕ್ರಿಮಿಗಳು ಮತ್ತೆ ಹೊಲಿಯೋಕೆ ಕೂರ್ತವೆ. ಕಾವಲು ದಿನವಿಡೀ ಇರಬೇಕು."

ಅತ್ತೆ ಬೆರಳನ್ನು ನೋಡಿದರು. "ಈಗ ಹೊಲೀತಿದಾವಾ?"

"ಹ್ಞೂಂ."

"ಹಾಳಾದವು. ಆ ಗಡಿಯಾರ ಕೊಡು."

ಅಂದಿನಿಂದ ಗಡಿಯಾರ ಅವರ ಮಗ್ಗುಲಲ್ಲೇ. ಕೂರುತ್ತಾರೆ, ಏಳುತ್ತಾರೆ, ಅರಳೆಯ ಮೂಟೆಯನ್ನು ಎಡಗೈಯಲ್ಲಿ ತಟ್ಟಿ ಬರುತ್ತಾರೆ, ಮುಳ್ಳು ಸರಿಯುತ್ತಿಲ್ಲವೆಂದು ಶಪಿಸುತ್ತಾರೆ. ನನಗೂ ಅಂಗಡಿಯಲ್ಲಿ ನಿಂತಲ್ಲಿ ನಿಲ್ಲಲಾಗದು. ಫೋನ್ ಮಾಡಿದರೆ, "ನುಂಗಿದೆ ಕಣೇ, ಇಡು" ಎಂಬ ಒಂದೇ ಮಾತು. ಗುಣವಾಗುತ್ತಿದೆಯೇ ಎಂದು ಕೇಳಲು ಧೈರ್ಯ ಬರಲಿಲ್ಲ.

ವಾರ ಕಳೆದ ಮೇಲೆ ಡಾಕ್ಟರು ಕಟ್ಟು ಬಿಚ್ಚಿದರು. ಊತ ಇಳಿದಿತ್ತು. "ಬೆರಳು ಬಗ್ಗಿಸಿ ನೋಡೋಣ" ಎಂದರು.

ಯಾರಿಗೂ ಕಾಯದ ಅತ್ತೆ ಅಲ್ಲಾಡಲಿಲ್ಲ. ಕೈಯನ್ನು ನನ್ನ ತೊಡೆಯ ಮೇಲಿಟ್ಟು, "ನಂಗೆ ಭಯ ಕಣೇ. ನೀನೇ ಬಗ್ಗಿಸು" ಎಂದರು.

ಮೆಲ್ಲಗೆ ಹಿಡಿದು ಬಗ್ಗಿಸಿದೆ.

"ಅಯ್ಯೋ, ಕೊಂದ್ಯಲ್ಲೇ ಮೂದೇವಿ!" ಎಂದು ಅತ್ತೆ ಕೈ ಕಿತ್ತುಕೊಂಡು ನನ್ನ ಭುಜಕ್ಕೊಂದು ಗುದ್ದಿದರು. ಗುದ್ದಿದ ಮುಷ್ಟಿಯಲ್ಲಿ ಹೆಬ್ಬೆರಳು ಪೂರ್ತಿ ಮಡಚಿಕೊಂಡಿತ್ತು. ನಾನು ಭುಜ ಉಜ್ಜಿಕೊಳ್ಳುತ್ತಾ ಅಳುತ್ತಿದ್ದೆ.